ಮೂರು ಊರಿನ ಮಗು, ಒಂದು ಶೇಕಡಾವಾರು

ನನ್ನ ತಮ್ಮನ ಮಗಳಿಗೆ ಎರಡು ಲಸಿಕೆ ಕಾರ್ಡುಗಳಿವೆ. ಅವಳು ಹುಟ್ಟಿದ್ದು ಮಂಗಳೂರಿನ ಆಸ್ಪತ್ರೆಯಲ್ಲಿ. ಬಾಣಂತನ ಆದದ್ದು ವಿಟ್ಲದ ಅಜ್ಜನ ಮನೆಯಲ್ಲಿ. ನಾಲ್ಕು ತಿಂಗಳು ತುಂಬಿದ ಮೇಲೆ ಗಡಿ ದಾಟಿ ಕೇರಳದ ಬದಿಯಡ್ಕ ಸಮೀಪದ ನಮ್ಮ ಮನೆಗೆ ಬಂದಳು. ನಮ್ಮ ಕಡೆ ಇದೇನು ಹೊಸ ಕಥೆಯಲ್ಲ. ಕಾಸರಗೋಡಿನ ಎಷ್ಟೋ ಮಕ್ಕಳು ಕಣ್ಣು ಬಿಡುವುದು ಮಂಗಳೂರಿನಲ್ಲಿ. ಮೊದಲ ಹೆರಿಗೆ ತವರಿನ ಕಡೆ. ತವರು ಗಡಿಯ ಯಾವ ಬದಿಯಲ್ಲಿ ಎಂದು ನೋಡಿ ಯಾರೂ ಹೆಣ್ಣು ತರುವುದಿಲ್ಲ.

ಒಂಬತ್ತು ತಿಂಗಳಿನ ದಡಾರ-ರುಬೆಲ್ಲಾ ಸೂಜಿಗೆಂದು ಇಲ್ಲಿನ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆವು. ಅವತ್ತು ಬುಧವಾರ. ಕೇರಳದಲ್ಲಿ ಸೂಜಿಯ ದಿನ ಬುಧವಾರ, ಆಚೆ ಕರ್ನಾಟಕದಲ್ಲಿ ಸಾಮಾನ್ಯವಾಗಿ ಗುರುವಾರ. ಸಿಸ್ಟರ್ ಹಳೆ ಕಾರ್ಡು ಕೇಳಿದರು. ಅದು ವಿಟ್ಲದ ಕಪಾಟಿನಲ್ಲೇ ಉಳಿದಿತ್ತು. ಅವರು ಹೊಸ ಕಾರ್ಡು ತೆಗೆದರು, ಮಲಯಾಳದ್ದು. ಒಂಬತ್ತು ತಿಂಗಳಿನ ಸಾಲಿನಲ್ಲಿ ತಾರೀಕು ಬರೆದರು. ಅದರ ಮೇಲಿನ ಸಾಲುಗಳೆಲ್ಲ ಖಾಲಿ.

‘ಮೊದಲಿನದ್ದು ಎಲ್ಲ ಆಗಿದೆಯಲ್ಲಾ ಅಕ್ಕ?’ ಎಂದು ಮಲಯಾಳ ಬೆರೆಸಿದ ಕನ್ನಡದಲ್ಲಿ ಕೇಳಿದರು.

‘ಹೌದು, ಎಲ್ಲ ಆಗಿದೆ. ಫೋಟೋ ತರಿಸಿ ತೋರಿಸುತ್ತೇನೆ’ ಎಂದಳು ತಮ್ಮನ ಹೆಂಡತಿ.

ಫೋಟೋ ಸಂಜೆ ವಾಟ್ಸಾಪಿಗೆ ಬಂತು. ಅಷ್ಟು ಹೊತ್ತಿಗೆ ಕೇಂದ್ರಕ್ಕೆ ಬೀಗ ಬಿದ್ದಿತ್ತು. ಖಾಲಿ ಸಾಲುಗಳು ಖಾಲಿಯಾಗಿಯೇ ಉಳಿದವು.

ಮಗುವಿಗೆ ಇದರಿಂದ ಏನೂ ತೊಂದರೆ ಆಗಿಲ್ಲ. ಸೂಜಿ ಮೈಗೆ ಹೋಗಿದೆ, ಕೆಲಸ ಮಾಡುತ್ತದೆ. ಆದರೆ ಆ ಕಾರ್ಡು ನೋಡುವವರ ಕಣ್ಣಿಗೆ ಅವಳು ಮೊದಲ ಎಂಟು ತಿಂಗಳು ಒಂದು ಲಸಿಕೆಯನ್ನೂ ಕಾಣದ ಮಗು. ‘ಪ್ರಪಂಚದಲ್ಲಿ ಶೇ. 85 ಮಕ್ಕಳಿಗೆ ಲಸಿಕೆ ಸಿಕ್ಕಿದೆ’ ಎಂದು ಪೇಪರಿನಲ್ಲಿ ಓದುತ್ತೇವಲ್ಲ, ಆ 85 ಹುಟ್ಟುವುದು ಇಂಥ ಕಾರ್ಡು, ಇಂಥ ರಿಜಿಸ್ಟರುಗಳಿಂದಲೇ. ಹಾಗಾದರೆ ಆ ಸಂಖ್ಯೆಯನ್ನು ಎಷ್ಟು ನಂಬಬೇಕು? ಅದನ್ನು ಮಾಡುವವರು ಯಾರು, ಹೇಗೆ ಮಾಡುತ್ತಾರೆ?

ಅಳತೆಗೋಲು ಯಾವುದು

ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ದೇಶಗಳ ಮಕ್ಕಳಿಗೂ ಲಸಿಕೆ ಮುಟ್ಟಿಸುವ ಕಾರ್ಯಕ್ರಮ ಶುರು ಮಾಡಿದ್ದು 1974ರಲ್ಲಿ. ಆಗ ಲೆಕ್ಕಕ್ಕಿದ್ದದ್ದು ಆರೇ ರೋಗಗಳು: ಕ್ಷಯ, ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಪೋಲಿಯೋ, ದಡಾರ. ನಮ್ಮ ದೇಶ ಅದಕ್ಕೆ ಕೈಹಾಕಿದ್ದು 1978ರಲ್ಲಿ. 1985ರಲ್ಲಿ ಅದು ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವಾಯಿತು. ಐವತ್ತು ವರ್ಷದಲ್ಲಿ ಈ ಲಸಿಕೆಗಳು ಸುಮಾರು 15.4 ಕೋಟಿ ಜೀವ ಉಳಿಸಿವೆ ಎಂದು 2024ರ ಒಂದು ಅಧ್ಯಯನ ಲೆಕ್ಕ ಹಾಕಿತು. ಅದರಲ್ಲಿ 9.4 ಕೋಟಿ ದಡಾರದ ಲಸಿಕೆ ಒಂದರಿಂದಲೇ.

ಈಗ ಲಸಿಕೆಗಳು ಹತ್ತಾರು. ಪ್ರತಿಯೊಂದರ ಲೆಕ್ಕ ಇದ್ದೇ ಇದೆ. ಆದರೆ ಒಂದು ದೇಶದ ವ್ಯವಸ್ಥೆ ಹೇಗಿದೆ ಎಂದು ಒಂದೇ ಏಟಿಗೆ ನೋಡಬೇಕಾದರೆ ಎಲ್ಲರೂ ನೋಡುವುದು ಡಿಟಿಪಿಯನ್ನು. ಅಂದರೆ ಗಂಟಲಮಾರಿ, ಧನುರ್ವಾಯು, ನಾಯಿಕೆಮ್ಮು ಮೂರಕ್ಕೂ ಸೇರಿದ ಸೂಜಿ. ನಮ್ಮಲ್ಲಿ ಅದು ಪೆಂಟಾವಲೆಂಟ್‌ನ ಒಳಗಿದೆ, ಜೊತೆಗೆ ಇನ್ನೆರಡು ರೋಗಗಳ ಮದ್ದೂ ಸೇರಿದೆ. ಪೆಂಟಾವಲೆಂಟ್ ಭಾರತದಲ್ಲಿ ಮೊದಲು ಶುರುವಾದದ್ದು ಕೇರಳ ಮತ್ತು ತಮಿಳುನಾಡಿನಲ್ಲಿ, 2011ರ ಡಿಸೆಂಬರಿನಲ್ಲಿ. ಗಡಿಯ ಈಚೆ ಇರುವುದಕ್ಕೆ ನಮಗೂ ಅಪರೂಪಕ್ಕೆ ಒಂದು ಲಾಭ ಆಗಿದ್ದುಂಟು.

ಡಿಟಿಪಿಯೇ ಯಾಕೆ? ಪೋಲಿಯೋ ಹನಿಯನ್ನು ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದು ಹಾಕಿ ಹೋಗಬಹುದು. ವರ್ಷಕ್ಕೊಮ್ಮೆ ಬೂತ್ ಹಾಕಿಯೂ ಮುಗಿಸಬಹುದು. ಡಿಟಿಪಿ ಹಾಗಲ್ಲ. ಅದು ಸೂಜಿ. ಆರು, ಹತ್ತು, ಹದಿನಾಲ್ಕು ವಾರಕ್ಕೆ ಮೂರು ಸಲ ತಾಯಿ ಮಗುವನ್ನು ಎತ್ತಿಕೊಂಡು ಬರಬೇಕು. ಮೂರು ಸಲವೂ ಸಿಸ್ಟರ್ ಇರಬೇಕು, ಮದ್ದು ಇರಬೇಕು, ಮದ್ದು ತಣ್ಣಗಿರಬೇಕು. ಹೋದ ಸಲದ ಸೂಜಿಗೆ ಜ್ವರ ಬಂತೆಂದು ಮನೆಯ ಹಿರಿಯರು ಅಡ್ಡ ಬರಬಾರದು. ಇಷ್ಟೆಲ್ಲ ಸರಿಯಾದರೆ ಮಾತ್ರ ಮೂರನೆಯ ಡೋಸ್ ಆಗುತ್ತದೆ.

ಹೀಗಾಗಿ ಮೊದಲ ಡೋಸ್ ಹೇಳುವುದು ‘ಮಗುವಿಗೆ ವ್ಯವಸ್ಥೆ ತಲುಪಿತಾ’ ಎಂಬುದನ್ನು. ಮೂರನೆಯ ಡೋಸ್ ಹೇಳುವುದು ‘ಕೈ ಹಿಡಿದವರು ಕೊನೆವರೆಗೂ ಹಿಡಿದಿದ್ದರಾ’ ಎಂಬುದನ್ನು. ಮೊದಲನೆಯದನ್ನೂ ಪಡೆಯದ ಮಕ್ಕಳಿಗೆ ‘ಝೀರೋ ಡೋಸ್ ಮಕ್ಕಳು’ ಎಂಬ ಹೆಸರಿದೆ. ಮೊದಲನೆಯದು ಪಡೆದು ಮೂರನೆಯದಕ್ಕೆ ಬಾರದವರ ಪ್ರಮಾಣ ಶೇ. 10 ದಾಟಿದರೆ ಆ ಊರಿನಲ್ಲಿ ಏನೋ ಎಡವಟ್ಟಿದೆ ಎಂದು ಅರ್ಥ. ಅಲ್ಲಿಯ ಜನರಿಗೆ ಲಸಿಕೆ ಬೇಡವೇ ಬೇಡ ಎಂದೇನಲ್ಲ, ಒಮ್ಮೆಯಾದರೂ ಬಂದಿದ್ದಾರಲ್ಲ. ಮತ್ತೆ ಬಾರದಂತೆ ಮಾಡಿದ್ದು ಬೇರೆ ಏನೋ.

ಎಲೆ ಎಣಿಸುವ ಲೆಕ್ಕ

ಶೇಕಡಾವಾರು ಅಂದರೆ ಒಂದು ಭಿನ್ನರಾಶಿ, ಅಲ್ವಾ? ಮೇಲೆ ಲಸಿಕೆ ಪಡೆದ ಮಕ್ಕಳು, ಕೆಳಗೆ ಪಡೆಯಬೇಕಾಗಿದ್ದ ಎಲ್ಲ ಮಕ್ಕಳು. ಕಷ್ಟ ಇರುವುದು ಮೇಲಿನ ಸಂಖ್ಯೆಯಲ್ಲಿ ಎಂದು ನಾನು ಅಂದುಕೊಂಡಿದ್ದೆ. ಅಲ್ಲ, ಕಷ್ಟ ಕೆಳಗಿನದರಲ್ಲಿ.

ಮದುವೆ ಮನೆಯಲ್ಲಿ ಎಷ್ಟು ಜನ ಉಂಡರು ಎಂದು ತಿಳಿಯಲು ಎಲೆ ಎಣಿಸಿದರೆ ಸಾಕು. ಮೊದಲ ಹಂತಿಯಲ್ಲಿ ಇಷ್ಟು, ಎರಡನೆಯ ಹಂತಿಯಲ್ಲಿ ಇಷ್ಟು. ಆದರೆ ಬರಬೇಕಾಗಿದ್ದವರು ಎಷ್ಟು, ಬಾರದೆ ಉಳಿದವರು ಯಾರು ಎಂದು ಎಲೆ ಹೇಳುವುದಿಲ್ಲ. ಅದಕ್ಕೆ ಹೇಳಿಕೆಯ, ಅಂದರೆ ಕರೆದವರ, ಪಟ್ಟಿ ಬೇಕು. ಪಟ್ಟಿಯಲ್ಲೇ ಒಂದು ಮನೆ ಬಿಟ್ಟುಹೋಗಿದ್ದರೆ ಆ ಮನೆಯವರು ಉಂಡವರಲ್ಲೂ ಇಲ್ಲ, ಉಣ್ಣದವರಲ್ಲೂ ಇಲ್ಲ. ಪಟ್ಟಿ ಮಾತ್ರ ‘ಎಲ್ಲರೂ ಬಂದಿದ್ದರು’ ಎನ್ನುತ್ತದೆ.

ಲಸಿಕೆಯಲ್ಲೂ ಹಾಗೆಯೇ. ಮೇಲಿನ ಸಂಖ್ಯೆ ಸಿಸ್ಟರ ರಿಜಿಸ್ಟರಿನಿಂದ ಬರುತ್ತದೆ. ಕೆಳಗಿನದು ಹೆಚ್ಚಾಗಿ ಅಂದಾಜು. ಜನಗಣತಿಯ ಜನಸಂಖ್ಯೆ, ಜನನ ಪ್ರಮಾಣ ಇಟ್ಟುಕೊಂಡು ‘ಈ ಜಿಲ್ಲೆಯಲ್ಲಿ ಈ ವರ್ಷ ಇಷ್ಟು ಮಕ್ಕಳು ಹುಟ್ಟಬಹುದು’ ಎಂದು ಲೆಕ್ಕ ಹಾಕುತ್ತಾರೆ. 2011ರ ನಂತರ ಬಹಳ ಕಾಲ ಭಾರತದಲ್ಲಿ ಜನಗಣತಿಯೇ ಆಗಲಿಲ್ಲ. 2011ರ ಆ ಗಣತಿಯಲ್ಲಿ ಕಾಸರಗೋಡು ಜಿಲ್ಲೆಯ ಜನಸಂಖ್ಯೆ ಸುಮಾರು 13 ಲಕ್ಷ. ಆಮೇಲೆ ಎಷ್ಟು ಕುಟುಂಬ ಗಲ್ಫಿಗೆ ಹೋಯಿತು, ಎಷ್ಟು ಮರಳಿ ಬಂತು, ಅಡಿಕೆ ತೋಟ, ಕೆಂಪುಕಲ್ಲಿನ ಕೋರೆ ಕೆಲಸಕ್ಕೆ ಉತ್ತರದ ಕಡೆಯಿಂದ ಬಂದವರು ಎಷ್ಟು, ಹಳೆ ಲೆಕ್ಕಕ್ಕೆ ಹೇಗೆ ಗೊತ್ತಾಗಬೇಕು? ಕೆಳಗಿನ ಸಂಖ್ಯೆ ಕಡಿಮೆಯಾದರೆ ಶೇಕಡಾವಾರು ಉಬ್ಬುತ್ತದೆ. ಶೇ. 104, ಶೇ. 110 ಎಂದೆಲ್ಲ ವರದಿ ಬರುವುದು ಹೀಗೆ. ನೂರು ಮಕ್ಕಳಲ್ಲಿ ನೂರಹತ್ತು ಮಕ್ಕಳಿಗೆ ಸೂಜಿ!

ಈಗ ನಮ್ಮ ಮಗುವನ್ನೇ ಈ ಭಿನ್ನರಾಶಿಗೆ ಹಾಕಿ ನೋಡಿ. ವಿಟ್ಲದ ಸಿಸ್ಟರ್ ಮೂರು ಪೆಂಟಾ ಹಾಕಿದರು, ಅಲ್ಲಿಯ ಮೇಲಿನ ಸಂಖ್ಯೆಗೆ ಸೇರಿತು. ಆದರೆ ಮಗು ಆ ಊರಿನದಲ್ಲ, ಬಾಣಂತನಕ್ಕೆ ಬಂದದ್ದು. ಕೆಳಗಿನ ಸಂಖ್ಯೆಯಲ್ಲಿ ಅವಳಿಲ್ಲ. ಅಲ್ಲಿಯ ಶೇಕಡಾವಾರು ಸ್ವಲ್ಪ ಉಬ್ಬಿತು. ಬದಿಯಡ್ಕದ ಕಡೆ ಆಶಾ ಅಕ್ಕನ ಪುಸ್ತಕದಲ್ಲಿ ನಮ್ಮ ಮನೆ ಇದೆ, ಹುಟ್ಟಿದ ಮಗುವೂ ಇದೆ. ಕೆಳಗಿನ ಸಂಖ್ಯೆಗೆ ಸೇರಿತು. ಪೆಂಟಾ ಇಲ್ಲಿ ಆಗಿಲ್ಲ, ಹಾಗಾಗಿ ಮೇಲಿನದಕ್ಕಿಲ್ಲ. ಇಲ್ಲಿಯದು ಸ್ವಲ್ಪ ಕುಗ್ಗಿತು. ಎರಡೂ ತಪ್ಪು. ದೇಶದ ಮಟ್ಟದಲ್ಲಿ ಕೂಡಿಸುವಾಗ ಈ ತಪ್ಪು ಆ ತಪ್ಪನ್ನು ನುಂಗುತ್ತದೆ, ಮೊತ್ತ ಸರಿಹೋಗುತ್ತದೆ. ಆದರೆ ಯಾವ ಪಂಚಾಯತಿಗೆ ಇನ್ನೊಬ್ಬ ಸಿಸ್ಟರ್ ಬೇಕು, ಯಾವ ವಾರ್ಡಿನಲ್ಲಿ ಹುಡುಕಬೇಕು ಎಂದು ತೀರ್ಮಾನಿಸುವುದು ದೇಶದ ಮೊತ್ತ ನೋಡಿ ಅಲ್ಲವಲ್ಲ.

ಮನೆ ಮನೆಗೆ ಹೋಗಿ ಕೇಳುವುದು

ರಿಜಿಸ್ಟರ್ ನಂಬಲಾಗದಿದ್ದರೆ ಇರುವ ಇನ್ನೊಂದು ದಾರಿ ಸಮೀಕ್ಷೆ. ಮನೆಗೇ ಹೋಗಿ ‘ಕಾರ್ಡು ತೋರಿಸಿ’ ಎಂದು ಕೇಳುವುದು. ಎಲ್ಲರ ಮನೆಗೆ ಹೋಗಲಾಗುವುದಿಲ್ಲ. ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹಿಂದೆ ಒಂದು ಸರಳ ಉಪಾಯ ಬಳಕೆಗೆ ತಂದಿತ್ತು. 30 ಊರು ಅಥವಾ ವಾರ್ಡು ಆರಿಸುವುದು, ಒಂದೊಂದರಲ್ಲಿ 7 ಮಕ್ಕಳನ್ನು ನೋಡುವುದು. ಒಟ್ಟು 210 ಮಕ್ಕಳು. ಇಷ್ಟರಿಂದಲೇ ಒಂದು ಪ್ರದೇಶದ ಅಂದಾಜು ಹತ್ತು ಅಂಕ ಆಚೀಚೆಯಲ್ಲಿ ಸಿಗುತ್ತದೆ. ಆಫ್ರಿಕಾದಲ್ಲಿ ಸಿಡುಬಿನ ಹಿಂದೆ ಬಿದ್ದಿದ್ದ ಕಾಲದ ಅನುಭವದಿಂದ ಬೆಳೆದ ವಿಧಾನ ಇದು. ಈಗಿನ ಸಮೀಕ್ಷೆಗಳು ಇದಕ್ಕಿಂತ ಎಷ್ಟೋ ದೊಡ್ಡವು.

ನಮ್ಮ ದೇಶದ ದೊಡ್ಡ ಸಮೀಕ್ಷೆ ಎಂದರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಅದರಲ್ಲಿ 12ರಿಂದ 23 ತಿಂಗಳ ಮಕ್ಕಳನ್ನು ನೋಡುತ್ತಾರೆ, ಯಾಕೆಂದರೆ ಆ ಹೊತ್ತಿಗೆ ಮುಖ್ಯ ಡೋಸ್‌ಗಳೆಲ್ಲ ಮುಗಿದಿರಬೇಕು. 2019-21ರ ಸುತ್ತಿನಲ್ಲಿ ಪೂರ್ತಿ ಲಸಿಕೆ ಆದ ಮಕ್ಕಳು ಶೇ. 76.4. ಆದರೆ ಕಾರ್ಡು ಇದ್ದ ಮಕ್ಕಳನ್ನು ಮಾತ್ರ ಲೆಕ್ಕ ಹಾಕಿದರೆ ಶೇ. 83.8. ಏಳು ಅಂಕದ ಆ ಅಂತರದಲ್ಲಿ ನಿಜವಾಗಿಯೂ ಸೂಜಿ ತಪ್ಪಿದವರೂ ಇದ್ದಾರೆ, ಕಾರ್ಡು ತವರಿನ ಕಪಾಟಿನಲ್ಲಿ ಉಳಿದವರೂ ಇದ್ದಾರೆ. ಕಾರ್ಡು ಇಲ್ಲದಿದ್ದರೆ ತಾಯಿಯ ನೆನಪೇ ಗತಿ. ಹದಿನಾರು ತಿಂಗಳ ಹಿಂದೆ ತೊಡೆಗೆ ಹಾಕಿದ ಸೂಜಿ ಯಾವುದು, ಎಷ್ಟನೆಯದು ಎಂದು ಯಾರಿಗೆ ನೆನಪಿರುತ್ತದೆ? ಮೊದಲ ಒಂದೆರಡು ನೆನಪಿರುತ್ತದೆ. ಮೂರನೆಯದು ಮರೆತುಹೋಗುತ್ತದೆ.

ಇದೇ ಸಮೀಕ್ಷೆ ಗಡಿಯ ಎರಡೂ ಬದಿಯವರಿಗೆ ಒಂದು ಅಚ್ಚರಿ ಕೊಟ್ಟಿತು. 2015-16ರಲ್ಲಿ ಪೂರ್ತಿ ಲಸಿಕೆ ಆದ ಮಕ್ಕಳು ಕೇರಳದಲ್ಲಿ ಸುಮಾರು ಶೇ. 82, ಕರ್ನಾಟಕದಲ್ಲಿ ಸುಮಾರು ಶೇ. 63. ಮುಂದಿನ ಸುತ್ತಿನಲ್ಲಿ ಕರ್ನಾಟಕ ಶೇ. 84ಕ್ಕೆ ಏರಿತು, ಕೇರಳ ಶೇ. 78ಕ್ಕೆ ಇಳಿಯಿತು. ಆರೋಗ್ಯದ ವಿಷಯದಲ್ಲಿ ಕೇರಳ ಯಾವಾಗಲೂ ಮುಂದೆ ಎಂದು ಕೇಳಿ ಬೆಳೆದ ನನ್ನಂಥವರಿಗೆ ಇದು ಸುಲಭಕ್ಕೆ ಗಂಟಲಲ್ಲಿ ಇಳಿಯುವ ಮಾತಲ್ಲ. ಒಂದು ಸಮೀಕ್ಷೆ ನೋಡಿ ತೀರ್ಪು ಕೊಡಬಾರದು, ಅದು ಸರಿ. ಆದರೆ ಶಿಶುಮರಣ ಕಡಿಮೆ ಇರುವ ಕಡೆ ರೋಗದ ಭಯವೂ ಕಡಿಮೆಯಾಗುತ್ತದೆ, ಸೂಜಿಯ ಭಯ ಜಾಸ್ತಿಯಾಗುತ್ತದೆ. 2016ರಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ ಗಂಟಲಮಾರಿ ಮತ್ತೆ ಕಾಣಿಸಿಕೊಂಡು ಮಕ್ಕಳ ಜೀವ ತೆಗೆದದ್ದು ಇದೇ ಕೇರಳದಲ್ಲಿ.

ಸಮೀಕ್ಷೆಗೆ ಇನ್ನೊಂದು ಮಿತಿಯಿದೆ. ಅದು ಯಾವಾಗಲೂ ಹಿಂದಿನ ಮಾತು ಹೇಳುತ್ತದೆ. 2020ರಲ್ಲಿ ಒಂದೂವರೆ ವರ್ಷದ ಮಗುವಿನ ಕಾರ್ಡು ಹೇಳುವುದು 2019ರ ವ್ಯವಸ್ಥೆಯ ಕಥೆ.

ಲೆಕ್ಕ ಉಬ್ಬುವುದು ಯಾವಾಗ

ಪ್ರತಿ ವರ್ಷ ಜುಲೈ 15ರ ಹೊತ್ತಿಗೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸೇರಿ 195 ದೇಶಗಳ ಅಂದಾಜು ಪ್ರಕಟಿಸುತ್ತವೆ. ಸರ್ಕಾರ ಕಳಿಸಿದ ರಿಜಿಸ್ಟರ್ ಲೆಕ್ಕವನ್ನೂ ಸಮೀಕ್ಷೆಯನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಎರಡರ ನಡುವೆ ಹತ್ತು ಅಂಕದ ಒಳಗಿನ ವ್ಯತ್ಯಾಸ ಇದ್ದರೆ ಸರ್ಕಾರದ ಲೆಕ್ಕ ಒಪ್ಪುತ್ತಾರೆ. ಅದಕ್ಕಿಂತ ಜಾಸ್ತಿ ಇದ್ದರೆ ಸಾಮಾನ್ಯವಾಗಿ ಸಮೀಕ್ಷೆಯ ಕಡೆ ವಾಲುತ್ತಾರೆ. ತಾಯಂದಿರು ಮೂರನೆಯ ಡೋಸ್ ಮರೆಯುತ್ತಾರೆ ಎಂದೆನಲ್ಲ, ಅದಕ್ಕೂ ಒಂದು ತಿದ್ದುಪಡಿ ಇದೆ. ಕಾರ್ಡು ಇದ್ದ ಮಕ್ಕಳಲ್ಲಿ ಮೊದಲನೆಯದರಿಂದ ಮೂರನೆಯದಕ್ಕೆ ಎಷ್ಟು ಜನ ತಪ್ಪಿದ್ದಾರೆ ಎಂದು ನೋಡಿ, ಅದೇ ಪ್ರಮಾಣವನ್ನು ಕಾರ್ಡಿಲ್ಲದವರಿಗೂ ಹಚ್ಚುತ್ತಾರೆ. ಹೊಸ ಸಮೀಕ್ಷೆ ಬಂದರೆ ಹಳೆ ವರ್ಷಗಳ ಸಂಖ್ಯೆಗಳನ್ನೂ ತಿದ್ದುತ್ತಾರೆ. ಹಾಗಾಗಿ ಐದು ವರ್ಷದ ಹಿಂದಿನ ಪೇಪರ್ ತುಣುಕನ್ನು ಇವತ್ತಿನ ಸಂಖ್ಯೆಯ ಪಕ್ಕ ಇಟ್ಟು ‘ಏರಿತು, ಇಳಿಯಿತು’ ಎನ್ನಬಾರದು. ಹೋಲಿಸುವುದಾದರೆ ಒಂದೇ ವರ್ಷದ ಪ್ರಕಟಣೆಯ ಒಳಗೇ ಹೋಲಿಸಬೇಕು.

ಇಷ್ಟು ಅನುಮಾನ ಯಾಕೆ ಎನ್ನುತ್ತೀರಾ? ಬಡ ದೇಶಗಳಿಗೆ ಲಸಿಕೆಯ ನೆರವು ಕೊಡುವ ಗಾವಿ ಎಂಬ ಒಕ್ಕೂಟ ಹಿಂದೆ ಒಂದು ಯೋಜನೆ ಮಾಡಿತ್ತು. ಮೂರನೆಯ ಡೋಸ್ ಪಡೆದ ಪ್ರತಿ ಹೆಚ್ಚುವರಿ ಮಗುವಿಗೆ ಆ ದೇಶಕ್ಕೆ 20 ಡಾಲರ್. ಉದ್ದೇಶ ಒಳ್ಳೆಯದೇ. 2008ರಲ್ಲಿ ಲಾನ್ಸೆಟ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಆ ಲೆಕ್ಕವನ್ನು ಸಮೀಕ್ಷೆಗಳ ಜೊತೆ ಇಟ್ಟು ನೋಡಿತು. ಸರ್ಕಾರಗಳ ವರದಿ ಪ್ರಕಾರ ಹೆಚ್ಚುವರಿ ಮಕ್ಕಳು 1.39 ಕೋಟಿ. ಸಮೀಕ್ಷೆಗಳ ಪ್ರಕಾರ ಸುಮಾರು 74 ಲಕ್ಷ. ಹೆಚ್ಚು ಕಡಿಮೆ ಅರ್ಧ! ಎಲ್ಲರೂ ಬೇಕೆಂದೇ ಸುಳ್ಳು ಬರೆದರು ಎಂದು ನಾನು ಹೇಳುವುದಿಲ್ಲ. ಆದರೆ ಸಂಖ್ಯೆಗೆ ಹಣ ಕಟ್ಟಿದರೆ ಸಂಖ್ಯೆ ಬೆಳೆಯುತ್ತದೆ, ಸಂಖ್ಯೆಗೆ ಬೈಗುಳ ಕಟ್ಟಿದರೂ ಬೆಳೆಯುತ್ತದೆ. ಮೀಟಿಂಗಿನಲ್ಲಿ ‘ನಿಮ್ಮದು ಯಾಕೆ ಶೇ. 88?’ ಎಂದು ಜೋರು ಮಾಡಿದರೆ ಮುಂದಿನ ತಿಂಗಳು ಅದು 96 ಆಗಿ ಬರುತ್ತದೆ. ಮಗು ಮಾತ್ರ ಇದ್ದಲ್ಲೇ ಇರುತ್ತದೆ.

ಗುರಿ ಎಲ್ಲಿ, ನಾವೆಲ್ಲಿ

ಈಗ ಪ್ರಪಂಚದ ಮುಂದಿರುವ ಗುರಿಪಟ್ಟಿಯ ಹೆಸರು ಇಮ್ಯುನೈಸೇಶನ್ ಅಜೆಂಡಾ 2030. ಮುಖ್ಯ ಲಸಿಕೆಗಳಲ್ಲಿ ಶೇ. 90 ಮುಟ್ಟಬೇಕು ಎಂಬುದು ಒಂದು. 2019ರಲ್ಲಿ ಇದ್ದ ಝೀರೋ ಡೋಸ್ ಮಕ್ಕಳ ಸಂಖ್ಯೆಯನ್ನು 2030ರೊಳಗೆ ಅರ್ಧ ಮಾಡಬೇಕು ಎಂಬುದು ಇನ್ನೊಂದು. ಈ ಎರಡನೆಯದು ನನಗೆ ಹೆಚ್ಚು ಹಿಡಿಸಿತು. ಶೇ. 90 ಎಂದರೆ ಸುಲಭಕ್ಕೆ ಸಿಗುವ ತೊಂಬತ್ತು ಮಕ್ಕಳನ್ನು ಮುಟ್ಟಿ ಕೈತೊಳೆಯಬಹುದು. ಝೀರೋ ಡೋಸ್ ಗುರಿ ಉಳಿದ ಹತ್ತರ ಕಡೆಗೆ ಮುಖ ತಿರುಗಿಸುತ್ತದೆ.

2019ರಲ್ಲಿ ಅಂಥ ಮಕ್ಕಳು 1.29 ಕೋಟಿ. ಅರ್ಧ ಅಂದರೆ ಸುಮಾರು 65 ಲಕ್ಷಕ್ಕೆ ಇಳಿಯಬೇಕು. ನಡುವೆ ಕೊರೋನಾ ಬಂತು. 2020ರ ಮಾರ್ಚ್ ಕೊನೆಗೆ ಕರ್ನಾಟಕ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದು ನಮ್ಮಲ್ಲಿ ಯಾರಿಗೂ ಮರೆತಿಲ್ಲ. ತಲಪಾಡಿಯಲ್ಲಿ ಆಂಬುಲೆನ್ಸುಗಳೇ ನಿಂತಿದ್ದ ದಿನಗಳಲ್ಲಿ ಸೂಜಿಯ ತಾರೀಕು ಯಾರು ನೋಡುತ್ತಾರೆ? ಪ್ರಪಂಚದೆಲ್ಲೆಡೆ ಹಾಗೆಯೇ ಆಯಿತು. 2021ರಲ್ಲಿ ಡಿಟಿಪಿ ಮೂರನೆಯ ಡೋಸ್ ಶೇ. 81ಕ್ಕೆ ಇಳಿಯಿತು. ಝೀರೋ ಡೋಸ್ ಮಕ್ಕಳು 1.8 ಕೋಟಿಯ ಹತ್ತಿರ ಹೋದರು. ಆಮೇಲೆ ಚೇತರಿಕೆ. 2024ರಲ್ಲಿ ಮೊದಲ ಡೋಸ್ ಶೇ. 89, ಮೂರನೆಯದು ಶೇ. 85, ಝೀರೋ ಡೋಸ್ 1.43 ಕೋಟಿ. ಅಂದರೆ ಓಟ ಶುರುವಾದ ಗೆರೆಗಿಂತಲೂ 14 ಲಕ್ಷ ಹಿಂದೆ. 2024ಕ್ಕೆ ಇರಬೇಕಾದ ಜಾಗಕ್ಕಿಂತ ಸುಮಾರು 40 ಲಕ್ಷ ಹಿಂದೆ.

ಈ 1.43 ಕೋಟಿ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಒಂಬತ್ತೇ ದೇಶಗಳಲ್ಲಿದ್ದಾರೆ. ನೈಜೀರಿಯಾ, ಭಾರತ, ಸುಡಾನ್, ಕಾಂಗೋ, ಇಥಿಯೋಪಿಯಾ, ಇಂಡೊನೇಷ್ಯಾ, ಯೆಮೆನ್, ಅಫ್ಘಾನಿಸ್ತಾನ, ಅಂಗೋಲ. ಯುದ್ಧ ಇರುವಲ್ಲಿ ಯಾಕೆ ಎಂದು ಕೇಳಬೇಕಾಗಿಲ್ಲ. ಭಾರತ ಯಾಕೆ? ಇಲ್ಲಿ ವರ್ಷಕ್ಕೆ ಎರಡು ಕೋಟಿಗೂ ಹೆಚ್ಚು ಮಕ್ಕಳು ಹುಟ್ಟುತ್ತಾರೆ. ನೂರರಲ್ಲಿ ಒಬ್ಬರು ತಪ್ಪಿದರೂ ಎರಡು ಲಕ್ಷ ದಾಟುತ್ತದೆ. 2023ರಲ್ಲಿ ನಮ್ಮಲ್ಲಿ 16 ಲಕ್ಷ ಇದ್ದ ಝೀರೋ ಡೋಸ್ ಮಕ್ಕಳು 2024ರಲ್ಲಿ 9 ಲಕ್ಷಕ್ಕೆ ಇಳಿದರು. ದೊಡ್ಡ ಇಳಿಕೆಯೇ. ಆದರೂ ಪಟ್ಟಿಯಲ್ಲಿ ಎರಡನೆಯ ಸ್ಥಾನ ತಪ್ಪಲಿಲ್ಲ. ಶೇಕಡಾವಾರಿನಲ್ಲಿ ಚೆನ್ನಾಗಿದ್ದು ತಲೆಲೆಕ್ಕದಲ್ಲಿ ಹಿಂದೆ ಬೀಳುವುದು ಹೀಗೆ. ಎರಡೂ ನಿಜ. ಸರ್ಕಾರದ ಜಾಹೀರಾತು ಒಂದನ್ನು ಹೇಳುತ್ತದೆ, ಟೀಕಾಕಾರರು ಇನ್ನೊಂದನ್ನು ಹೇಳುತ್ತಾರೆ.

ಅಳೆಯುವ ಕೈಗಳೇ ಈಗ ಸೊರಗುತ್ತಿರುವುದು ಬೇರೆ ಚಿಂತೆ. ಹತ್ತಾರು ಬಡ ದೇಶಗಳಲ್ಲಿ ಮನೆ ಸಮೀಕ್ಷೆ ನಡೆಯುತ್ತಿದ್ದದ್ದು ಅಮೆರಿಕದ ಹಣದಿಂದ. 2025ರಲ್ಲಿ ಅಮೆರಿಕ ಆ ಹಣ ನಿಲ್ಲಿಸಿತು.

ದಡಾರ ಎಂಬ ಚಾಡಿಕೋರ

ಲೆಕ್ಕ ಎಷ್ಟೇ ಚಂದ ಇರಲಿ, ದಡಾರ ಸುಳ್ಳನ್ನು ಹೊರಗೆ ಹಾಕುತ್ತದೆ. ಮಲಯಾಳದಲ್ಲಿ ಇದಕ್ಕೆ ಅಂಜಾಂಪನಿ ಎನ್ನುತ್ತಾರೆ. ದಡಾರ ಬಂದ ಒಂದು ಮಗುವಿನಿಂದ, ರಕ್ಷಣೆ ಇಲ್ಲದ 12ರಿಂದ 18 ಮಂದಿಗೆ ಹರಡಬಹುದು. ಇಷ್ಟು ಬೇಗ ಹರಡುವ ರೋಗ ಬೇರೆ ಇಲ್ಲವೆಂದೇ ಹೇಳಬೇಕು. ಅದನ್ನು ತಡೆಯಲು ಎರಡೂ ಡೋಸ್ ಶೇ. 95 ಮಕ್ಕಳಿಗೆ ಆಗಿರಬೇಕು.

ಶೇ. 90 ಸಾಲದೇ? ಒಂದು ಊರಿನಲ್ಲಿ ವರ್ಷಕ್ಕೆ 100 ಮಕ್ಕಳು ಹುಟ್ಟುತ್ತಾರೆ ಎನ್ನಿ. 90 ಮಕ್ಕಳಿಗೆ ಒಂಬತ್ತು ತಿಂಗಳಿನ ಸೂಜಿ ಆಯಿತು. ಆ ವಯಸ್ಸಿನಲ್ಲಿ ಈ ಲಸಿಕೆ ಹಿಡಿಯುವುದು ನೂರಕ್ಕೆ ಸುಮಾರು 85 ಮಕ್ಕಳಲ್ಲಿ. ಹಾಗಾದರೆ ನಿಜವಾದ ರಕ್ಷಣೆ ಸಿಕ್ಕಿದ್ದು 76-77 ಮಕ್ಕಳಿಗೆ. ಅದಕ್ಕೇ ಮಗುವಿಗೆ ಹದಿನಾರು ತಿಂಗಳು ತುಂಬಿದ ಮೇಲೆ ಎರಡನೆಯ ಡೋಸ್. ಅದೇ 90 ಮಕ್ಕಳು ಎರಡನೆಯದಕ್ಕೂ ಬಂದರೆ ರಕ್ಷಣೆ 85-87ಕ್ಕೆ ಏರುತ್ತದೆ. ಆದರೂ ವರ್ಷಕ್ಕೆ ಹದಿಮೂರು ಹದಿನೈದು ಮಕ್ಕಳು ಬಯಲಿನಲ್ಲಿ ಉಳಿದರು. ಅವರು ಮಾಯವಾಗುವುದಿಲ್ಲ, ಮುಂದಿನ ವರ್ಷ ಇನ್ನಷ್ಟು ಸೇರುತ್ತಾರೆ. ಏಳು ವರ್ಷಕ್ಕೆ ಒಂದು ಇಡೀ ವರ್ಷದ ಮಕ್ಕಳಷ್ಟು ಜನ ಕೂಡಿಬಿಡುತ್ತಾರೆ. ಒಣಗಿದ ಮಡಲು ರಾಶಿ ಬಿದ್ದ ತೋಟದ ಹಾಗೆ, ಕಿಡಿ ಒಂದು ಸಾಕು. ಪ್ರಪಂಚದ ಮಟ್ಟದಲ್ಲಿ 2024ರಲ್ಲಿ ಮೊದಲ ಡೋಸ್ ಶೇ. 84, ಎರಡನೆಯದು ಶೇ. 76. ಆ ವರ್ಷ 60 ದೇಶಗಳಲ್ಲಿ ದಡಾರ ದೊಡ್ಡದಾಗಿ ಎದ್ದಿತು.

ದಡಾರದ ವಿಷಯದಲ್ಲಿ ಗಡಿ ಮಾಡಿದ ಒಂದು ತಮಾಷೆ ಇದೆ. ಒಂಬತ್ತು ತಿಂಗಳಿಂದ ಹದಿನೈದು ವರ್ಷದ ಎಲ್ಲ ಮಕ್ಕಳಿಗೆ ದಡಾರ-ರುಬೆಲ್ಲಾ ಹಾಕುವ ದೊಡ್ಡ ಅಭಿಯಾನ 2017ರ ಫೆಬ್ರವರಿಯಲ್ಲಿ ಬೆಂಗಳೂರಿನಿಂದ ಶುರುವಾಯಿತು. ಮೊದಲ ಸುತ್ತಿನಲ್ಲಿ ಕರ್ನಾಟಕ, ತಮಿಳುನಾಡು, ಗೋವಾ, ಪುದುಚೇರಿ, ಲಕ್ಷದ್ವೀಪ. ಕೇರಳದ ಸರದಿ ಬಂದದ್ದು ಅಕ್ಟೋಬರಿನಲ್ಲಿ. ಮಂಜೇಶ್ವರದಲ್ಲಿ ಮನೆ, ತಲಪಾಡಿಯ ಆಚೆ ಶಾಲೆ ಇರುವ ಮಕ್ಕಳನ್ನು ನೆನೆಸಿಕೊಳ್ಳಿ. ಶಾಲೆಯಲ್ಲಿ ಫೆಬ್ರವರಿಗೇ ಸೂಜಿ ಆಗಿತ್ತು. ಅಕ್ಟೋಬರಿನಲ್ಲಿ ಮನೆಯ ಪಟ್ಟಿಯಲ್ಲಿ ಮತ್ತೆ ಹೆಸರು. ಈಚೆ ಶಾಲೆಗೆ ಹೋಗುವ ಪಕ್ಕದ ಮನೆಯ ಹುಡುಗನಿಗೆ ಎಂಟು ತಿಂಗಳು ಕಾಯುವ ಕೆಲಸ. ವೈರಸ್ಸಿಗೆ ತಲಪಾಡಿ ಟೋಲ್‌ಗೇಟಿನಲ್ಲಿ ನಿಲ್ಲುವ ಅಭ್ಯಾಸ ಇಲ್ಲ.

ಲೆಕ್ಕದಲ್ಲೇ ಇಲ್ಲದ ರೋಗವೂ ಇದೆ. ನಮ್ಮ ಕಡೆ ಕೆಪ್ಪಟರಾಯ, ಮಲಯಾಳದಲ್ಲಿ ಮುಂಡಿನೀರು. ಸರ್ಕಾರದ ಉಚಿತ ಪಟ್ಟಿಯಲ್ಲಿ ಇದಕ್ಕೆ ಲಸಿಕೆ ಇಲ್ಲ. ಹಾಗಾಗಿ ಗುರಿಯೂ ಇಲ್ಲ, ಶೇಕಡಾವಾರೂ ಇಲ್ಲ. 2024ರಲ್ಲಿ ಕೇರಳದ ಎಷ್ಟೋ ಶಾಲೆಗಳ ಮಕ್ಕಳು ಕೆನ್ನೆ ಊದಿಸಿಕೊಂಡು ಮನೆಯಲ್ಲಿ ಮಲಗಿದರು. ಲಸಿಕೆಯ ವರದಿಪಟ್ಟಿಗಳಲ್ಲಿ ಮಾತ್ರ ಅದರ ಗುರುತೇ ಇಲ್ಲ.

ಇಲ್ಲದ್ದನ್ನು ಎಣಿಸುವುದು

ಪೋಲಿಯೋದ ಲೆಕ್ಕ ಇವೆಲ್ಲಕ್ಕಿಂತ ವಿಚಿತ್ರ. ಭಾರತದಲ್ಲಿ ಸಹಜ ಪೋಲಿಯೋ ವೈರಸ್ಸಿನ ಕೊನೆಯ ಪ್ರಕರಣ 2011ರ ಜನವರಿ 13ರದು, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ. 2014ರ ಮಾರ್ಚ್ 27ರಂದು ಪೋಲಿಯೋಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ನಡುವೆ ಮೂರು ವರ್ಷ ಯಾಕೆ? ಪೋಲಿಯೋ ಇಲ್ಲ ಎಂದು ಹೇಳಿದರೆ ಸಾಲದು. ಇದ್ದಿದ್ದರೆ ನಮ್ಮ ಕಣ್ಣಿಗೆ ಬೀಳುತ್ತಿತ್ತು ಎಂದೂ ತೋರಿಸಬೇಕು.

ಅದಕ್ಕೊಂದು ಉಪಾಯವಿದೆ. ಮಕ್ಕಳಿಗೆ ಇದ್ದಕ್ಕಿದ್ದ ಹಾಗೆ ಕೈಕಾಲು ಸೋಲುವುದು ಪೋಲಿಯೋದಿಂದ ಮಾತ್ರವಲ್ಲ, ಬೇರೆ ಕಾರಣಗಳಿಂದಲೂ ಆಗುತ್ತದೆ. ಪೋಲಿಯೋ ಪೂರ್ತಿ ಹೋದರೂ ಅಂಥ ಮಕ್ಕಳು ಸಿಗುತ್ತಲೇ ಇರಬೇಕು. ಹದಿನೈದು ವರ್ಷದೊಳಗಿನ ಒಂದು ಲಕ್ಷ ಮಕ್ಕಳಿಗೆ ವರ್ಷಕ್ಕೆ ಕನಿಷ್ಠ ಎರಡು ಎಂಬುದು ಭಾರತ ಇಟ್ಟುಕೊಂಡ ಮಾನದಂಡ. ಮೂರು ಲಕ್ಷ ಮಕ್ಕಳಿರುವ ಜಿಲ್ಲೆಯಾದರೆ ಆರು. ಒಂದೂ ಇಲ್ಲ ಎಂದು ವರದಿ ಬಂದರೆ ಆ ಜಿಲ್ಲೆ ಆರೋಗ್ಯವಾಗಿದೆ ಎಂದಲ್ಲ, ನೋಡುವವರು ಮಲಗಿದ್ದಾರೆ ಎಂದು ಅರ್ಥ. ಸಿಕ್ಕ ಪ್ರತಿ ಮಗುವಿನ ಮಲವನ್ನು ಎರಡು ಸಲ, ಕನಿಷ್ಠ ಒಂದು ದಿನದ ಅಂತರದಲ್ಲಿ, 14 ದಿನದ ಒಳಗೆ ತೆಗೆದು ಲ್ಯಾಬಿಗೆ ಕಳಿಸಬೇಕು. ಬೇರೆ ಎಲ್ಲ ಕಡೆ ಸೊನ್ನೆ ಬಂದರೆ ಖುಷಿ. ಇಲ್ಲಿ ಸೊನ್ನೆ ಬಂದರೆ ವಿಚಾರಣೆ.

ಇನ್ನೊಂದು ದಾರಿ ಚರಂಡಿ ನೀರು. ಮುಂಬೈಯಲ್ಲಿ 2001ರಿಂದ ಚರಂಡಿ ನೀರಿನಲ್ಲಿ ಪೋಲಿಯೋ ವೈರಸ್ ಹುಡುಕುತ್ತಾರೆ. 2022ರಲ್ಲಿ ಲಂಡನ್ನಿನ ಚರಂಡಿಯಲ್ಲಿ ಅದು ಸಿಕ್ಕಿತು. ಅಲ್ಲಿ ಒಂದು ಮಗುವೂ ಕುಂಟಿರಲಿಲ್ಲ. ಕಾರ್ಡು ಮರೆತು ಬರುವವರ ಮಾಹಿತಿಯೂ ಚರಂಡಿಯಲ್ಲಿ ಸಿಗುತ್ತದೆ ನೋಡಿ.

ಅಜ್ಜನ ನಂಬರು

ಕಾಗದದ ಕಾರ್ಡಿನ ತಾಪತ್ರಯಕ್ಕೆ ಈಗ ಯು-ವಿನ್ ಎಂಬ ಆನ್‌ಲೈನ್ ವ್ಯವಸ್ಥೆ ಬಂದಿದೆ. ಕೊರೋನಾ ಲಸಿಕೆಗೆ ಕೋ-ವಿನ್ ಇತ್ತಲ್ಲ, ಅದರ ತಮ್ಮ ಎನ್ನಿ. 2023ರಲ್ಲಿ ದೇಶದ 65 ಜಿಲ್ಲೆಗಳಲ್ಲಿ ಪ್ರಯೋಗಕ್ಕೆ ಇಳಿಯಿತು, ಆಮೇಲೆ ಎಲ್ಲ ಕಡೆ ಹರಡಿತು. ಇದರಲ್ಲಿ ಎಣಿಸುವುದು ಡೋಸನ್ನಲ್ಲ, ಹೆಸರಿನ ಸಮೇತ ಮಗುವನ್ನು. ಮಗು ವಿಟ್ಲದಲ್ಲಿ ಮೂರು ಸೂಜಿ ತೆಗೆದುಕೊಂಡು ಬದಿಯಡ್ಕಕ್ಕೆ ಬಂದರೆ ಲೆಕ್ಕವೂ ಜೊತೆಗೆ ಬರಬೇಕು. ಗಡಿಯವರಿಗೆ ಇದಕ್ಕಿಂತ ಒಳ್ಳೆಯದು ಇನ್ನೇನು ಬೇಕು ಎಂದುಕೊಂಡೆ.

ಹದಿನಾರು ತಿಂಗಳಿನ ಸೂಜಿಗೆ ಹೋದ ಬುಧವಾರ ಹಳೆ ಕಾರ್ಡನ್ನೂ ಹಿಡಿದುಕೊಂಡೇ ಹೋದೆವು. ಸಿಸ್ಟರ್ ಫೋನ್ ತೆಗೆದು, ‘ಯಾವ ನಂಬರು ಕೊಟ್ಟಿದ್ದಿರಿ?’ ಎಂದು ಕೇಳಿದರು. ತಮ್ಮನ ಹೆಂಡತಿಯ ನಂಬರಿನಲ್ಲಿ ಸಿಗಲಿಲ್ಲ, ತಮ್ಮನದರಲ್ಲೂ ಇಲ್ಲ. ಕೊನೆಗೆ ನೆನಪಾಯಿತು. ವಿಟ್ಲದಲ್ಲಿ ಬರೆಸಿದ್ದು ಅಜ್ಜನ ನಂಬರು. ಒಟಿಪಿ ಅವರಿಗೆ ಹೋಯಿತು. ಅವರು ತೋಟದಲ್ಲಿದ್ದರು, ಅಲ್ಲಿ ರೇಂಜ್ ಇಲ್ಲ. ಮಗು ಕಾದು ಕಾದು ರಚ್ಚೆ ಹಿಡಿದಳು. ಹಿಂದೆ ಇನ್ನೂ ಎಂಟು ಹತ್ತು ತಾಯಂದಿರು ಬೆಂಚಿನಲ್ಲಿದ್ದರು.

‘ಇರಲಿ, ಮೊದಲು ಸೂಜಿ ಹಾಕುವ’ ಎಂದರು ಸಿಸ್ಟರ್. ಹಾಕಿದರು. ಆಮೇಲೆ ದಪ್ಪ ರಿಜಿಸ್ಟರ್ ತೆರೆದು, ವಿಟ್ಲದ ಕಾರ್ಡು ನೋಡಿಕೊಂಡು, ಮೂರು ಪೆಂಟಾದ ತಾರೀಕುಗಳನ್ನು ಪೆನ್ನಿನಲ್ಲಿ ಒಂದೊಂದಾಗಿ ಬರೆದುಕೊಂಡರು. ಒಟಿಪಿ ಮಧ್ಯಾಹ್ನ ಎರಡೂವರೆಗೆ ಬಂತು.